ಭಾರ ಬಂದದ್ದು ಸಡಿಲಿಸಿದ ತಂತಿಯಿಂದ

ಹೆವಿ ಮೆಟಲ್ ಎಂದರೆ ಗದ್ದಲ, ಪ್ರತಿ ತಲೆಮಾರು ಹಿಂದಿನವರಿಗಿಂತ ಜೋರಾಗಿ, ವೇಗವಾಗಿ ಬಾರಿಸುತ್ತ ಬಂದದ್ದೇ ಅದರ ಇತಿಹಾಸ ಎಂದು ಹೇಳುವವರಿದ್ದಾರೆ. ಈ ಸಂಗೀತವನ್ನು ಪ್ರೀತಿಸುವವರೂ ಎಷ್ಟೋ ಸಲ ಹಾಗೆಯೇ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಇಷ್ಟು ವರ್ಷ ಕೇಳಿದ ಮೇಲೆ ನನಗೆ ಖಚಿತವಾಗಿರುವುದು ಒಂದೇ: ಮೆಟಲ್‌ನ ಜೀವ ಇರುವುದು ಭಾರದಲ್ಲಿ. ಆ ಭಾರ ಹುಟ್ಟಿದ್ದು ನೋವಿಗೆ ಹೆದರಿ ಸಡಿಲಿಸಿದ ತಂತಿಯಲ್ಲಿ.

1965ರ ಬರ್ಮಿಂಗ್‌ಹ್ಯಾಮ್. ತಗಡಿನ ಕಾರ್ಖಾನೆಯಲ್ಲಿ ಹದಿನೇಳರ ಹುಡುಗ, ಮುಂದೆ ಬ್ಲ್ಯಾಕ್ ಸಬತ್ ತಂಡದ ಗಿಟಾರ್ ವಾದಕನಾದ ಟೋನಿ ಅಯೋಮಿಗೆ ಅದು ಕೆಲಸದ ಕೊನೆಯ ದಿನ. ಬಲಗೈ ಯಂತ್ರಕ್ಕೆ ಸಿಕ್ಕಿ ಎರಡು ಬೆರಳುಗಳ ತುದಿ ಹಾರಿಹೋಯಿತು. ಆತ ಎಡಚ. ಗಿಟಾರ್‌ನ ತಂತಿ ಒತ್ತಬೇಕಾದ ಬೆರಳುಗಳೇ ಅವು. ಇನ್ನು ನುಡಿಸುವುದು ಮುಗಿಯಿತು ಎಂದು ಕುಗ್ಗಿ ಕೂತವನಿಗೆ ಕಾರ್ಖಾನೆಯ ಮೇಲ್ವಿಚಾರಕರು ಜಾಝ್ ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ಕೇಳಿಸಿದರು. ಬೆಂಕಿಯಲ್ಲಿ ಎಡಗೈ ಸುಟ್ಟುಕೊಂಡು, ಎರಡೇ ಬೆರಳಲ್ಲಿ ಅಷ್ಟು ಚುರುಕಾಗಿ ನುಡಿಸಿದವನ ರೆಕಾರ್ಡ್ ಅದು. ಹುಡುಗ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಅದರ ಮೇಲೆ ಚರ್ಮ ಅಂಟಿಸಿದ. ಬಿಗಿ ತಂತಿ ನೋಯಿಸುತ್ತಿತ್ತು, ಬ್ಯಾಂಜೋದ ತೆಳು ತಂತಿ ಹಾಕಿದ. 1971ರಲ್ಲಿ ಬಂದ ಬ್ಲ್ಯಾಕ್ ಸಬತ್‌ನ ಮೂರನೆಯ ಆಲ್ಬಂ ಹೊತ್ತಿಗೆ ತಂತಿ ಸಡಿಲಿಸಿ ಶ್ರುತಿಯನ್ನೇ ಮೂರು ಅರ್ಧಸ್ವರ ಇಳಿಸಿದ. ಬೆರಳಿಗೆ ಹಾಯೆನಿಸಿತು. ನಾದ ಮಾತ್ರ ನೆಲದೊಳಗಿನಿಂದ ಬಂದಂತೆ ದಪ್ಪವಾಯಿತು.

ಒರಟು ನಾದ ಅದಕ್ಕೂ ಮೊದಲೇ ಇತ್ತು, ನಿಜ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಸ್ಪೀಕರ್‌ನ ಪರದೆಯನ್ನೇ ಬ್ಲೇಡಿನಿಂದ ಸೀಳಿ ಆ ಕರಕರ ಸದ್ದು ತಂದಿದ್ದ. ಆದರೆ ಸಬತ್‌ನ ಮೊದಲ ಆಲ್ಬಂನ ಆರಂಭವನ್ನು ಒಮ್ಮೆ ಕೇಳಿ. ಮಳೆ, ದೂರದಲ್ಲಿ ಚರ್ಚಿನ ಗಂಟೆ, ಆಮೇಲೆ ಮೂರೇ ಸ್ವರ. ಮಂದ್ರದ ಷಡ್ಜ, ಅದರ ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಆ ಪ್ರತಿಮಧ್ಯಮ ನಡುಗುತ್ತ ನಿಂತುಬಿಡುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಹೆದರಿಕೆಗೆ ವೇಗ ಬೇಡ ಎಂದು ನನಗೆ ಮನವರಿಕೆಯಾದದ್ದು ಅಲ್ಲಿ.

ಎಂಬತ್ತರ ದಶಕ ವೇಗದ ಬೆನ್ನು ಹತ್ತಿತು. 1983ರಲ್ಲಿ ಮೆಟಾಲಿಕಾ ತಂಡದ ಮೊದಲ ಆಲ್ಬಂ, 1986ರಲ್ಲಿ ಸ್ಲೇಯರ್ ತಂಡ ಅರ್ಧ ಗಂಟೆಯೊಳಗೆ ಮುಗಿಸಿದ ಹತ್ತು ಹಾಡುಗಳು. ಡೇವ್ ಲೊಂಬಾರ್ಡೊ ಅಲ್ಲಿ ಡ್ರಮ್ಸ್ ನುಡಿಸಿದ ಬಗೆಗೆ ಇಂದಿಗೂ ಕೈಮುಗಿಯುತ್ತೇನೆ. ಆದರೂ ಆ ದಾರಿ ಬೇಗ ತುದಿ ಮುಟ್ಟಿತು. ಮುಂದೆ ವೇಗವನ್ನು ಇನ್ನೂ ಹೆಚ್ಚಿಸಿದ ಡೆತ್ ಮೆಟಲ್ ಎಂಬ ಕವಲಿನವರು ಕೂಡ ತಂತಿ ಇಳಿಸಿಯೇ ನುಡಿಸಿದರು.

1991ರಲ್ಲಿ ಮೆಟಾಲಿಕಾ ವೇಗ ತಗ್ಗಿಸಿದಾಗ ಹಳೆಯ ಅಭಿಮಾನಿಗಳು ದ್ರೋಹವೆಂದು ಕೂಗಾಡಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಸರಿ ಎನ್ನಿಸುವುದಿಲ್ಲ. ಆ ಆಲ್ಬಂನ ಅತ್ಯಂತ ಭಾರದ ಹಾಡಿಗೆ ಅವರು ಶ್ರುತಿಯನ್ನು ಪೂರ್ತಿ ಒಂದು ಸ್ವರ ಇಳಿಸಿದ್ದರು. ಬೇರಿಗೇ ಮರಳಿದವರನ್ನು ದ್ರೋಹಿಗಳೆನ್ನುವುದು ಹೇಗೆ? ಅದೇ ಹೊತ್ತಿಗೆ ಸಿಯಾಟಲ್‌ನಲ್ಲಿ ಸೌಂಡ್‌ಗಾರ್ಡನ್, ಆಲಿಸ್ ಇನ್ ಚೈನ್ಸ್ ತಂಡಗಳು ದಪ್ಪ ತಂತಿ ಸಡಿಲಿಸಿ ಸಬತ್‌ನ ನಡಿಗೆಯನ್ನೇ ನಡೆಯುತ್ತಿದ್ದವು. ಇವರ ಸಂಗೀತಕ್ಕೆ ಇಟ್ಟ ಹೆಸರು ಗ್ರಂಜ್; ಆ ಗ್ರಂಜ್ ಬಂದು ಮೆಟಲ್ ಅನ್ನು ಕೊಂದಿತು ಎಂಬ ಮಾತನ್ನು ನಾನು ನಂಬದಿರುವುದು ಇದಕ್ಕೇ. 1994ರಲ್ಲಿ ಕಾರ್ನ್ ತಂಡ ಇನ್ನೂ ಕೆಳಗಿನ ಸ್ವರಕ್ಕಾಗಿ ಆರರ ಬದಲು ಏಳು ತಂತಿಯ ಗಿಟಾರ್ ಹಿಡಿದು ಬಂದಿತು. ಸ್ವೀಡನ್ನಿನ ಮೆಶುಗ್ಗಾ ತಂಡಕ್ಕೆ ಅದೂ ಸಾಲದೆ ಎಂಟು ತಂತಿ ಬೇಕಾದವು.

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಸಬತ್‌ನ ಮೂಲ ನಾಲ್ವರು ಕೊನೆಯ ಬಾರಿ ಒಟ್ಟಿಗೆ ನುಡಿಸಿದರು. ಅವರಿಗಿಂತ ಮೊದಲು ಮೆಟಾಲಿಕಾ, ಸ್ಲೇಯರ್, ಗೊಜಿರಾ, ಮ್ಯಾಸ್ಟೊಡಾನ್ ಸರದಿಯಂತೆ ವೇದಿಕೆ ಹತ್ತಿ ಇಳಿದಿದ್ದರು. ನಿಲ್ಲಲಾಗದ ಸಬತ್‌ನ ಗಾಯಕ ಆಜಿ ಆಸ್‌ಬೋರ್ನ್ ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದರು. ಹದಿನೇಳು ದಿನಗಳ ಬಳಿಕ ತೀರಿಕೊಂಡರು. ಆ ಸಂಜೆಯ ದೃಶ್ಯಗಳನ್ನು ನೋಡುವಾಗಲೆಲ್ಲ ನನ್ನ ಕಣ್ಣು ಹೋಗುವುದು ಅಯೋಮಿಯ ಬಲಗೈಗೆ. ಅರವತ್ತು ವರ್ಷದ ಹಿಂದಿನ ಗಾಯದ ಮೇಲೆ ಅದೇ ಟೊಪ್ಪಿಗೆ, ಅದರಡಿಯಲ್ಲಿ ಸಡಿಲವಾದ ತಂತಿ.