ಜಾಲರಿ ಹಾಕಿದರೂ ಏಣಿ ಬೇಕು

ಛಾವಣಿ ಅಂಚಿನ ಗಟರಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಮತ್ತೆ ಕಸ ತೆಗೆಯುವ ತಾಪತ್ರಯವೇ ಇಲ್ಲ ಎಂದು ಬರೆದಿದ್ದೀರಿ. ನಮ್ಮ ಉಡುಪಿ ಮಳೆಗೆ ಅದು ಅಷ್ಟು ಸುಲಭ ಅಲ್ಲ ಮಾರಾಯ್ರೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಬೀಳುತ್ತದೆ, ಅದೂ ಜಾಸ್ತಿ ನಾಲ್ಕೇ ತಿಂಗಳಲ್ಲಿ.

ನಾನೂ ಮೊದಲು ಸಣ್ಣ ಕಣ್ಣಿನದ್ದೇ ಹಾಕಿಸಿದ್ದೆ. ಮಾವಿನ ಎಲೆ ಜಾರಿ ಬಿತ್ತು, ನಿಜ. ಆದರೆ ಗುಲ್‌ಮೊಹರಿನ ಪುಡಿ ಎಲೆ ಒದ್ದೆಯಾಗಿ ಅಂಟಿಕೊಂಡು ಹಪ್ಪಳದ ಹಾಗೆ ಕೂತಿತು. ನೀರು ಅದರ ಮೇಲಿಂದಲೇ ಹಾರಿ ಸೀದಾ ಜಗಲಿಗೆ!

ಈಗ ಸ್ವಲ್ಪ ದೊಡ್ಡ ಕಣ್ಣಿನ ಸ್ಟೀಲ್ ಜಾಲರಿ ಇದೆ. ಕಬ್ಬಿಣದ್ದು ಬೇಡ, ಕಡಲ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಸ್ಕ್ರೂ ಬದಲು ಕ್ಲಿಪ್ ಹಾಕಿಸಿ, ತೆಗೆದು ತೊಳೆಯಬಹುದು. ಪತ್ತನಾಜೆಗೆ (ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಮೇ ಕೊನೆಗೆ ಬರುವ ತುಳುನಾಡಿನ ವಿಶೇಷ ದಿನ) ಮೊದಲು ಒಮ್ಮೆ ನಾನು ಏಣಿ ಹತ್ತುತ್ತೇನೆ. ಹೆಂಡತಿ ಕೆಳಗೆ ಏಣಿ ಹಿಡಿದು ಬೈಯುತ್ತಾಳೆ, ಅದು ಬೇರೆ.