ಕುತ್ತಿಗೆ ಮೇಲಿನ ಗೆರೆಗೆ ವಿವರಣೆ ಬೇಕಂತೆ

ನೈಟ್ ಡ್ಯೂಟಿ ಮುಗಿಸಿ, ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿ ಮನೆಗೆ ಬಂದು ಎರಡು ಗಂಟೆಯಾಯ್ತು. ನಿದ್ದೆ ಬರುತ್ತಿಲ್ಲ. ಸಿಟ್ಟು ಇಳಿದಿಲ್ಲ.

ರಾತ್ರಿ ಎರಡೂವರೆಗೆ ನಮ್ಮ ಮಾನಸಿಕ ಕಾಯಿಲೆ ವಾರ್ಡಿನ ಪೇಷಂಟ್ ಒಬ್ಬರು ಜೂನಿಯರ್ ಸಿಸ್ಟರ್‌ನ ಐಡಿ ಕಾರ್ಡ್ ಟೇಪ್ ಹಿಡಿದು ಎಳೆದುಬಿಟ್ಟರು. ಟೇಪ್ ಬಿಚ್ಚಿಕೊಳ್ಳಲಿಲ್ಲ. ನಾನು, ಅಟೆಂಡರ್ ಅಣ್ಣ ಓಡಿಹೋಗಿ ಬಿಡಿಸುವಷ್ಟರಲ್ಲಿ ಅವಳ ಕುತ್ತಿಗೆ ಮೇಲೆ ಕೆಂಪು ಗೆರೆ ಎದ್ದಿತ್ತು. ಬೆಳಿಗ್ಗೆ ಆಫೀಸಿನವರು ನೋವಾಯ್ತಾ ಅಂತ ಕೇಳಲಿಲ್ಲ. "ಅಷ್ಟು ಹತ್ತಿರ ಯಾಕೆ ನಿಂತಿದ್ರಿ? ಬರೆದುಕೊಡಿ" ಅಂದರು.

ಮಾತ್ರೆ ಕೊಡುವವಳು ಹತ್ತಿರ ನಿಲ್ಲದೆ ಇನ್ನೆಲ್ಲಿ ನಿಲ್ಲಬೇಕು?

ಕಾನೂನು ಇದೆಯಲ್ಲ ಅನ್ನುತ್ತೀರಿ. ಇದೆ. ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡಿದರೆ ಜೈಲು, ದಂಡ, ಜಾಮೀನುರಹಿತ ಕೇಸ್. ಕರ್ನಾಟಕದಲ್ಲಿ 2009ರಲ್ಲೇ ಈ ಕಾಯ್ದೆ ಬಂತು. ಕುಡಿದು ಬಂದು ಗಲಾಟೆ ಮಾಡುವ ಸಂಬಂಧಿಕರಿಗೆ ಅದು ಬೇಕೇ ಬೇಕು. ಆದರೆ ಕಿವಿಯಲ್ಲಿ ಯಾರೋ ಬೈಯುತ್ತಿದ್ದಾರೆ ಅಂತ ಹೆದರಿ ಕೈ ಎತ್ತಿದ ಮನುಷ್ಯನನ್ನು ಜೈಲಿಗೆ ಕಳಿಸೋಕೆ ನಮಗೆ ಮನಸ್ಸು ಬರುತ್ತಾ? ಮನಸ್ಸು ಸ್ವಾಧೀನದಲ್ಲಿಲ್ಲದೆ, ಏನು ಮಾಡುತ್ತಿದ್ದೇನೆ ಅಂತ ತಿಳಿಯದೆ ಮಾಡಿದ್ದು ಅಪರಾಧವಲ್ಲ ಅಂತ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಹೇಳುತ್ತದೆ. ಅದೇ ಸರಿ. ಬೆಳಿಗ್ಗೆ ಆ ಪೇಷಂಟೇ ಅವಳನ್ನು ಕೇಳಿದರು, "ಸಿಸ್ಟರ್, ಕುತ್ತಿಗೆಗೆ ಏನಾಯ್ತು?"

ನಮಗೆ ಬೇಕಿರುವುದು ಪೇಷಂಟ್ ಮೇಲೆ ಕೇಸಲ್ಲ. ಆಸ್ಪತ್ರೆ ನಡೆಸುವವರನ್ನು ಹೊಣೆ ಮಾಡುವ ಕಾನೂನು. ರಾತ್ರಿ ಎಷ್ಟು ಬೆಡ್ಡಿಗೆ ಎಷ್ಟು ಜನ ಇರಬೇಕು? ಒತ್ತಿದ ಕೂಡಲೇ ಜನ ಓಡಿಬರುವ ಅಲಾರಂ ಎಲ್ಲಿ? ಎಳೆದರೆ ಬಿಚ್ಚಿಕೊಳ್ಳುವ ಒಂದು ಟೇಪ್ ಕೊಡೋಕೆ ಎಷ್ಟು ಖರ್ಚಾಗುತ್ತದೆ? 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಪೇಷಂಟಿಗೆ ಸರಪಳಿ ಹಾಕಲೇಬಾರದು ಅನ್ನುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಟ್ಟಬೇಕು ಅನ್ನುತ್ತದೆ. ಅದರಲ್ಲಿ ಒಂದಕ್ಷರವೂ ಬದಲಾಗೋದು ಬೇಡ. ಆದರೆ ಕಟ್ಟದೆ, ಮಾತಾಡಿ ಸಮಾಧಾನ ಮಾಡೋಕೆ ಪಕ್ಕದಲ್ಲಿ ಜನ ಬೇಕಲ್ವಾ?

ಹೀಗೆ ಬರೆದರೆ ಮಾನಸಿಕ ಕಾಯಿಲೆ ಇರುವವರೆಲ್ಲ ಹೊಡೆಯುತ್ತಾರೆ ಅಂದ್ಕೋತಾರೆ ಕಣೇ, ಅಂದಳು ಗೆಳತಿ. ಆ ಭಯ ನನಗೂ ಇದೆ. 14 ವರ್ಷ ಇವರ ಜೊತೆಯಲ್ಲೇ ಕಳೆದಿದ್ದೇನೆ. ಇವರಲ್ಲಿ ಹೊಡೆದವರಿಗಿಂತ ಹೊಡೆತ ತಿಂದು ಬಂದವರೇ ಜಾಸ್ತಿ. ಆದರೆ ಅದಕ್ಕೇ ನಾವು ಸುಮ್ನಿದ್ದರೆ ಉಳಿಯೋದು ಮ್ಯಾನೇಜ್‌ಮೆಂಟಿನ ದುಡ್ಡು ಮಾತ್ರ.

ಇದನ್ನು ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನನ್ನ ತುಟಿ ಒಡೆದಿತ್ತಲ್ಲ, ಅದು ಬಾತ್‌ರೂಮಿನಲ್ಲಿ ಜಾರಿದ್ದಲ್ಲ. ಅವತ್ತು ಆಫೀಸಿಗೆ "ನನ್ನ ಅಜಾಗರೂಕತೆಯಿಂದ" ಅಂತ ಬರೆದು ಸಹಿ ಹಾಕಿಕೊಟ್ಟಿದ್ದೆ. ಇವತ್ತು ಅದೇ ಸಾಲು ಆ ಜೂನಿಯರ್ ಸಿಸ್ಟರ್‌ನ ಕಾಗದದಲ್ಲಿ ಕಂಡಿತು. ಕೈ ನಡುಗಿತು.

"ಇದನ್ನ ಹೊಡೆದುಹಾಕು ಪುಟ್ಟಿ" ಅಂದೆ. ಆ ಜಾಗದಲ್ಲಿ "28 ಪೇಷಂಟಿಗೆ ರಾತ್ರಿ ನಾವು ಮೂರೇ ಜನ ಇದ್ದೆವು" ಅಂತ ಬರೆಸಿದೆ. ಕೆಳಗೆ ನಾನೂ ಅಟೆಂಡರ್ ಅಣ್ಣನೂ ಸಹಿ ಹಾಕಿ ಕೊಟ್ಟುಬಂದಿದ್ದೇವೆ.