ಪೂರ್ಣವಿರಾಮ ಬೇಡ ಮೇಷ್ಟ್ರೇ

ಶುಕ್ರವಾರ ಸಂಜೆ ಐದೂವರೆಗೆ ಬರುವ ಮೇಲ್ ಯಾವತ್ತೂ ಒಳ್ಳೇದನ್ನು ತಂದದ್ದಿಲ್ಲ. ಮೊನ್ನೆ ಬಂದದ್ದರಲ್ಲೂ ಒಂದೇ ಸಾಲು ಇತ್ತು: 'ಸಣ್ಣಪುಟ್ಟ ತಿದ್ದುಪಡಿ ಮಾಡಿದ್ದೇನೆ, ನೋಡಿ.' ತೆರೆದರೆ ಹದಿನಾಲ್ಕು ಪುಟವೂ ಕೆಂಪು. ಕುಂಕುಮದ ಭರಣಿ ಬೋರಲು ಬಿದ್ದ ಹಾಗೆ.

ವಿಷಯ ಇಷ್ಟೇ. ನಮ್ಮ ಟೀಮಿಗೆ ಹೊಸದಾಗಿ ಸೇರುವವರಿಗೆ ಅಂತ ಒಂದು ಕೈಪಿಡಿ ಇದೆ. ಟರ್ಮಿನಲ್ ತೆರೆದು ಬ್ಯಾಶ್ ಶೆಲ್‌ಗೆ (ಟೈಪ್ ಮಾಡಿದ ಕಮಾಂಡ್ ಓದಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಪ್ರೋಗ್ರಾಂ) ಯಾವ ಕಮಾಂಡ್ ಕೊಟ್ಟರೆ ಏನಾಗುತ್ತದೆ, ಯಾವುದನ್ನು ಕೊಟ್ಟರೆ ಕೆಲಸ ಹೋಗುತ್ತದೆ, ಎಲ್ಲ ಅದರಲ್ಲಿದೆ. ಆರು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಅದರಲ್ಲಿ ಹೇಳಿದ ಅರ್ಧ ಫೋಲ್ಡರ್‌ಗಳು ಈಗಿಲ್ಲ. ಒಂದು ಸರ್ವರ್ ಅಂತೂ ತೀರಿಕೊಂಡು ವರ್ಷಾಂತಿಕವೂ ಆಗಿದೆ. 'ನಿಂಗೆ ಬರೆಯೋ ಹುಚ್ಚು ಇದೆಯಲ್ಲ, ನೀನೇ ಅಪ್‌ಡೇಟ್ ಮಾಡು' ಅಂದರು. ಎಂದೋ ಒಮ್ಮೆ ಆಫೀಸಿನ ರಾಜ್ಯೋತ್ಸವದಲ್ಲಿ ನಾಲ್ಕು ಸಾಲು ಕವನ ಓದಿದ್ದರ ಫಲ.

ಎರಡು ವಾರ ಕೂತು ಬರೆದೆ. ಪ್ರತಿ ಕಮಾಂಡನ್ನೂ ಓಡಿಸಿ ನೋಡಿ ಬರೆದೆ. ಮ್ಯಾಕ್ ಇಟ್ಟುಕೊಂಡವರಿಗೆ ಬೇರೆಯೇ ಅಡುಗೆ. 2019ರಿಂದ ಮ್ಯಾಕ್‌ನಲ್ಲಿ ಝಡ್‌ಶೆಲ್ ಅನ್ನುವ ಇನ್ನೊಂದು ಶೆಲ್ ಮನೆ ಯಜಮಾನ, ಆದರೆ ಹಳೇ ಬ್ಯಾಶ್ ಕೂಡ ಅಟ್ಟದ ಮೇಲೆ ಇದೆ, ಅದೂ 2006ರ ಕಾಲದ 3.2. ಬ್ಯಾಶ್ 4.0ದಲ್ಲಿ ಬಂದ ಅಸೋಸಿಯೇಟಿವ್ ಅರೇ (ಹೆಸರು ಹೇಳಿ ಬೆಲೆ ತೆಗೆಯುವ ಪಟ್ಟಿ) ಇರುವ ಸ್ಕ್ರಿಪ್ಟನ್ನು ಅದಕ್ಕೆ ಕೊಟ್ಟರೆ, ಅಜ್ಜನ ಕೈಗೆ ಕ್ಯೂಆರ್ ಕೋಡ್ ಕೊಟ್ಟ ಹಾಗೆ ಮುಖ ನೋಡುತ್ತದೆ. ಇಷ್ಟೆಲ್ಲ ಸಂಭಾಳಿಸಿ ರಿವ್ಯೂಗೆ ಕಳಿಸಿದೆ. ಅಲ್ಲಿದ್ದರು ಮೇಷ್ಟ್ರು.

ಮೇಷ್ಟ್ರು ಅಂದರೆ ನಿಜವಾದ ಮೇಷ್ಟ್ರಲ್ಲ. ಆಫೀಸಿನ ದಾಖಲೆಗಳ ಭಾಷೆ ನೋಡುವವರು, ಹೆಸರು ನಾವಿಟ್ಟದ್ದು. ಒಳ್ಳೆಯ ಮನುಷ್ಯ. ಹೋಟೆಲಿನ ಮೆನುವಿನಲ್ಲಿ ಕಾಗುಣಿತ ತಪ್ಪಿದ್ದರೂ ಪೆನ್ನು ತೆಗೆಯುತ್ತಾರೆ, ದೋಸೆ ಬರುವಷ್ಟರಲ್ಲಿ ಪಾನೀಯಗಳ ತನಕ ತಿದ್ದಿ ಮುಗಿಸಿರುತ್ತಾರೆ. ಸಾಲು ಅಂದಮೇಲೆ ಕೊನೆಗೆ ಪೂರ್ಣವಿರಾಮ ಇರಲೇಬೇಕು ಅನ್ನುವುದು ಅವರ ಧರ್ಮ. ನನ್ನ ಕಮಾಂಡ್‌ಗಳಿಗೂ ಇಟ್ಟರು. ಒಂದನ್ನೂ ಬಿಡಲಿಲ್ಲ.

ಮೇಲಿನ ಫೋಲ್ಡರ್‌ಗೆ ಹೋಗಲು 'ಸಿಡಿ ..' ಅಂತ ಬರೆಯುತ್ತೇವಲ್ಲ, ಅದಕ್ಕೂ ಇನ್ನೊಂದು ಚುಕ್ಕಿ. ಮೂರು ಚುಕ್ಕಿ ಬಿದ್ದಮೇಲೆ ಅದು ಕಮಾಂಡ್ ಆಗಿ ಉಳಿಯಲಿಲ್ಲ, ಧಾರಾವಾಹಿಯ ಕಂತು ಮುಗಿದ ಹಾಗಾಯಿತು. ಶೆಲ್ ಕೇಳುತ್ತದಾ? ಆ ಹೆಸರಿನ ಫೋಲ್ಡರೇ ಇಲ್ಲ ಅಂತ ಕೈ ಎತ್ತಿತು. ಸಮ ಚಿಹ್ನೆಯ ಎರಡೂ ಕಡೆ 'ಉಸಿರಾಡಲು ಜಾಗ' ಬಿಟ್ಟಿದ್ದರು. ಬ್ಯಾಶ್‌ನಲ್ಲಿ ಅಲ್ಲಿ ಜಾಗ ಬಿಡುವ ಹಾಗಿಲ್ಲ, ಬಿಟ್ಟರೆ ವೇರಿಯಬಲ್‌ನ ಹೆಸರನ್ನೇ ಕಮಾಂಡ್ ಅಂದುಕೊಂಡು ಊರೆಲ್ಲ ಹುಡುಕಿ ಸಿಗಲಿಲ್ಲ ಅನ್ನುತ್ತದೆ. ಅದೇ ಚೌಕ ಬ್ರಾಕೆಟ್ಟಿನ ಪಕ್ಕ ಜಾಗ ಬಿಡಲೇಬೇಕು. ಅಲ್ಲಿ ಮಾತ್ರ 'ಅನಗತ್ಯ' ಅಂತ ತೆಗೆದಿದ್ದಾರೆ!

ಇದೆಲ್ಲ ಒಂದು ತೂಕ, 'ಫಿ' ಇನ್ನೊಂದು ತೂಕ. ಶೆಲ್‌ನಲ್ಲಿ 'ಇಫ್' ಅಂತ ಶುರುವಾದದ್ದು ಅದೇ ಎರಡು ಇಂಗ್ಲಿಷ್ ಅಕ್ಷರ ತಿರುಗಿಸಿ 'ಫಿ' ಅಂತ ಮುಗಿಯುತ್ತದೆ. 'ಕೇಸ್' ಮುಗಿಯುವುದು 'ಎಸ್ಯಾಕ್' ಅಂತ. ಮೇಷ್ಟ್ರು ಹದಿನೇಳು ಫಿಗಳನ್ನು ಇಫ್ ಮಾಡಿ ಪಕ್ಕದಲ್ಲಿ ಬರೆದಿದ್ದರು: 'ಅವಸರದಲ್ಲಿ ಟೈಪ್ ಮಾಡಬೇಡಿ.' ಎಸ್ಯಾಕ್ ಕಂಡಲ್ಲಿ: 'ಇವರು ಯಾರು?'

ಫೋನ್ ಮಾಡಿದೆ. 'ಸಾರ್, ಅದು ಇರೋದೇ ಹಾಗೆ.'

'ಯಾಕೆ?'

ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಬೋರ್ನ್ ಅಂತ ಒಬ್ಬರಿದ್ದರು, ಅವರು ಬರೆದ ಶೆಲ್ 1979ರಲ್ಲಿ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ಏಳನೇ ಆವೃತ್ತಿಯ ಜೊತೆ ಬಂತು, ಅವರಿಗೆ ಆಲ್ಗಾಲ್ 68 ಅನ್ನುವ ಪ್ರೋಗ್ರಾಮಿಂಗ್ ಭಾಷೆ ಇಷ್ಟ, ಅದರಲ್ಲಿ ಹೀಗೇ ತಿರುಗಿಸಿ ಮುಗಿಸುತ್ತಿದ್ದರು, ನಮ್ಮ ಬ್ಯಾಶ್ ಬೋರ್ನ್ ಶೆಲ್ ಹಾಕಿದ ದಾರಿಯಲ್ಲೇ ಬಂದದ್ದು ಅಂತ ಇಡೀ ಪುರಾಣ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

'ಹಾಗಾದ್ರೆ ಒಂದೇ ಕೆಲಸ ಮತ್ತೆ ಮತ್ತೆ ಮಾಡ್ಸೋ ಕಡೆ ಬರೋ "ಡು" ತಿರುಗಿಸಿದ್ರೆ "ಓಡಿ" ಆಗ್ಬೇಕಲ್ವಾ? ನೀವು "ಡನ್" ಅಂತ ಬರ್ದಿದೀರಿ. ಒಂದು ನಿಯಮ ಅಂತ ಇರ್ಲಿ.'

ಪ್ರಶ್ನೆ ಸರಿಯಾಗಿತ್ತು, ಅದೇ ಬೇಜಾರು. ಓಡಿ ಅನ್ನುವ ಕಮಾಂಡ್ ಯುನಿಕ್ಸ್‌ನಲ್ಲಿ ಮೊದಲೇ ಇತ್ತು, ಫೈಲಿನ ಒಳಗಿರುವುದನ್ನು ಆಕ್ಟಲ್ (ಎಂಟರ ಲೆಕ್ಕದ) ಅಂಕಿಗಳಲ್ಲಿ ತೋರಿಸುವಂಥದ್ದು, ಹಾಗಾಗಿ ಡನ್ ಆಯಿತು ಅಂದೆ. ಹೇಳುತ್ತಾ ಹೇಳುತ್ತಾ ನನಗೂ ಎಲ್ಲಾದರೂ ಓಡಿಹೋಗೋಣ ಅನ್ನಿಸಿತ್ತು. 'ಮತ್ತೆ ನಾನು ಎಲ್‌ಎಸ್ ಅಂತ ಕ್ಯಾಪಿಟಲ್‌ನಲ್ಲೇ ಕೊಟ್ಟು ನೋಡ್ದೆ, ಚೆನ್ನಾಗೇ ಬಂತು' ಅಂದರು. ಫೋಲ್ಡರಿನಲ್ಲಿ ಏನೇನಿದೆ ಅಂತ ತೋರಿಸುವ ಕಮಾಂಡ್ ಅದು. ಬರುತ್ತದೆ. ಅವರದು ಮ್ಯಾಕ್, ಅದರ ಫೈಲ್ ಸಿಸ್ಟಮ್ ಸಾಮಾನ್ಯವಾಗಿ ದೊಡ್ಡಕ್ಷರ ಚಿಕ್ಕಕ್ಷರ ಅಂತ ಭೇದ ಮಾಡುವುದಿಲ್ಲ. ನಮ್ಮ ಲಿನಕ್ಸ್ ಸರ್ವರ್‌ಗಳು ಮಾಡುತ್ತವೆ. ಇದನ್ನು ಶುಕ್ರವಾರ ಏಳು ಗಂಟೆಗೆ ಫೋನಿನಲ್ಲಿ ವಿವರಿಸುವ ತಾಕತ್ತು ಯಾರಿಗಿದೆ ಹೇಳಿ.

ಭಾನುವಾರ ಚುಕ್ಕಿ ಹೆಕ್ಕುತ್ತಾ ಕೂತೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಅನುಮಾನ ಬಂದಲ್ಲಿ ಬ್ಯಾಶ್‌ನದ್ದೇ ಮ್ಯಾನ್ ಪೇಜ್, ಅಂದರೆ ಅದರ ಜೊತೆಗೇ ಬರುವ ಕೈಪಿಡಿ, ತೆಗೆದು ನೋಡುತ್ತಿದ್ದೆ. ಅದರ ಕೊನೆಯಲ್ಲಿ ದೋಷಗಳ ಪಟ್ಟಿ ಇದೆ, ಮೊದಲ ಸಾಲೇ 'ಇದು ತುಂಬಾ ದೊಡ್ಡದು, ತುಂಬಾ ನಿಧಾನ' ಅಂತ. ತಮ್ಮ ಸಾಮಾನಿನ ಬಗ್ಗೆ ತಾವೇ! ನಮ್ಮಲ್ಲಿ ಹೀಗೆ ಬರೆದರೆ ಅಪ್ರೈಸಲ್‌ನಲ್ಲಿ ಅದನ್ನೇ ನನ್ನ ಬಗ್ಗೆ ಬರೆಯುತ್ತಾರೆ.

ಒಂಬತ್ತನೇ ಪುಟದಲ್ಲಿ ಕೈ ನಿಂತಿತು. ಬ್ಯಾಕಪ್ ಕಮಾಂಡಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿದ ಒಂದು ಸಾಲನ್ನು ಮೇಷ್ಟ್ರು ಪೂರ್ತಿ ಹೊಡೆದುಹಾಕಿದ್ದರು: 'ಇದಕ್ಕೆ 40 ನಿಮಿಷ ಬೇಕು. ಟೀ ಕುಡಿದು ಬಾ'. ಈ ಕೈಪಿಡಿಯನ್ನು ಮೊದಲು ಬರೆದ ನಮ್ಮ ಹಳೇ ಲೀಡ್ ಬರೆದದ್ದು. ನಾನು ಸೇರಿದ ಹೊಸತರಲ್ಲಿ ಆ ಕಮಾಂಡಿಗೆ ಎಂಟರ್ ಒತ್ತಿ, 'ಬಾರೋ' ಅಂತ ಗೇಟಿನಾಚೆ ಟೀ ಗಾಡಿಗೆ ಕರೆದುಕೊಂಡು ಹೋಗುತ್ತಿದ್ದರು. ನನಗೆ ಬರುವ ಶೆಲ್‌ನಲ್ಲಿ ಮುಕ್ಕಾಲು ಪಾಲು ಆ ಗಾಡಿಯ ಪಕ್ಕ ನಿಂತು ಕಲಿತದ್ದು. ಅವರೀಗ ಕೆಲಸ ಬಿಟ್ಟು ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಗಾಡಿ ಇದ್ದ ಜಾಗದಲ್ಲಿ ಮೆಟ್ರೋ ಕಂಬ ಬಂದಿದೆ. ಹೊಸ ಸರ್ವರ್‌ನಲ್ಲಿ ಆ ಬ್ಯಾಕಪ್ 3 ನಿಮಿಷಕ್ಕೆ ಮುಗಿಯುತ್ತದೆ, ಟೀ ಇರಲಿ, ನೀರು ಕುಡಿಯಲೂ ಸಮಯವಿಲ್ಲ.

ಒಂದು ಚುಕ್ಕಿಗೆ ಅಷ್ಟು ಜಗಳವಾಡಿದವನು ನಾನು. ನ್ಯಾಯವಾಗಿ ಆ ಸಾಲು ತೆಗೆಯಬೇಕಿತ್ತು. ಆದರೆ ಹ್ಯಾಶ್ ಹಾಕಿದ ಸಾಲನ್ನು ಶೆಲ್ ಹೇಗೂ ಓದುವುದಿಲ್ಲ. 40 ಇದ್ದದ್ದನ್ನು 3 ಮಾಡಿದೆ, ಟೀ ಹಾಗೇ ಬಿಟ್ಟೆ, ಕಳಿಸಿದೆ.

ಇವತ್ತು ಬೆಳಿಗ್ಗೆ ಒಪ್ಪಿಗೆ ಬಂತು. ಫಿಗಳೆಲ್ಲ ಫಿಗಳಾಗಿಯೇ ಇದ್ದವು. ಒಂದೇ ಒಂದು ತಿದ್ದುಪಡಿ, ಒಂಬತ್ತನೇ ಪುಟದಲ್ಲಿ: 'ಟೀ ಕುಡಿದು ಬನ್ನಿ.' ಪೂರ್ಣವಿರಾಮದ ಸಮೇತ.